ಜೂನ್ ಒಂದರ ಹುಡುಗಿಯರು

ಆಳಂದ
೧೨ ನವೆಂಬರ್ ೨೦೨೪

ಪ್ರೀತಿಯ ಶಿವಕಾಂತಾ,

ಹೇಗಿದ್ದೀ? ಮಂಡಿನೋವು ಇಳಿಯಿತೇ? ಅಬ್ಬಾ ತೀರಿಕೊಂಡ ದಿನ ನೀನು ಜೇವರ್ಗಿಯಿಂದ ಬಸ್ಸು ಬದಲಿಸುತ್ತ ಓಡಿ ಬಂದೆ. ನಿನಗೊಂದು ಲೋಟ ಚಹಾ ಕೊಟ್ಟೆನೋ ಇಲ್ಲವೋ ನನಗೆ ನೆನಪಿಲ್ಲ. ನಲವತ್ತನೆಯ ದಿನದ ಫಾತೆಹಾ ಮುಗಿದು ಎರಡು ತಿಂಗಳಾದರೂ ಒಂದು ಫೋನು ಮಾಡಲಿಲ್ಲ. ಬೈಯಬೇಕೆನಿಸಿದರೆ ಮೊದಲು ಬೈದುಬಿಡು, ಆಮೇಲೆ ಓದು. ಇಪ್ಪತ್ತೈದು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ನಿಜವಾದ ಪತ್ರ ಬರೆಯಲು ಕೂತರೆ ಪೆನ್ನು ಓಡುತ್ತಿಲ್ಲ.

ವಿಷಯ ಇಷ್ಟು. ಅಬ್ಬಾ ಅವರ ಕಾಗದಪತ್ರಗಳನ್ನೆಲ್ಲ ಶಿಕ್ಷಕರ ತರಬೇತಿ ಸಂಸ್ಥೆಯೊಂದು ಕೇಳಿದೆ. ಅವರ ಹೆಸರಿನಲ್ಲಿ ಒಂದು ಕೋಣೆಯನ್ನೇ ಮಾಡುತ್ತಾರಂತೆ. ಅಲ್ಲಿನ ಉಪನ್ಯಾಸಕ ಅಮರನಾಥ ಎರಡು ಸಲ ಮನೆಗೆ ಬಂದು, "ಮೇಡಂ, ಒಂದ್ ಚೀಟೀನೂ ಬಿಡಬ್ಯಾಡ್ರಿ, ಎಲ್ಲಾ ಕೊಡ್ರಿ" ಎಂದು ಹೇಳಿಹೋಗಿದ್ದಾರೆ. ಇಪ್ಪತ್ತೊಂಬತ್ತನೇ ತಾರೀಖು ಜೀಪು ಬರುತ್ತದೆ. ಎಲ್ಲ ಕೊಡಲು ಒಪ್ಪಿದ್ದೇನೆ, ಒಂದು ಹಳೆಯ ವಹಿ ಪುಸ್ತಕವನ್ನು ಬಿಟ್ಟು. ಅದನ್ನು ಕೊಡುವುದೋ ಬೇಡವೋ ನೀನು ಹೇಳಬೇಕು. ಅದರಲ್ಲಿ ನೀನಿದ್ದೀ.

ಮೊದಲು ಟ್ರಂಕಿನ ಸುದ್ದಿ ಕೇಳು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕುಗಳಲ್ಲಿ ಅವರು ಶಿಕ್ಷಣಾಧಿಕಾರಿಯಾಗಿ ತಿರುಗಿದ ಡೈರಿಗಳು ಸಿಕ್ಕವು. ಒಂದರಲ್ಲಿ ಹೀಗಿದೆ: "ಕರಜಗಿ. ಸೈಕಲ್ ಪಂಕ್ಚರ್, ನಡೆದೇ ಹೋದೆ. ಐದನೇ ತರಗತಿಯಲ್ಲಿ ಹೆಣ್ಣುಮಕ್ಕಳು ಇಲ್ಲ." ತಿಂಗಳ ನಂತರ, "ಕರಜಗಿ. ಹೆಣ್ಣುಮಕ್ಕಳು ನಾಲ್ಕು." ಇನ್ನೆರಡು ತಿಂಗಳಿಗೆ, "ಹನ್ನೊಂದು. ಕೂರಲು ಜಾಗವಿಲ್ಲ. ಅಲ್ಹಮ್ದುಲಿಲ್ಲಾಹ್." ಊರೂರಿನದೂ ಇದೇ ಕಥೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ಇವರೇನಾ ಎಂದು ಬೆರಗಾಗಿ ನೆಲದ ಮೇಲೇ ಕೂತುಬಿಟ್ಟೆ. ಇಷ್ಟು ದೊಡ್ಡವರ ಜೊತೆ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಾಗಲಿಲ್ಲವಲ್ಲೇ!

ಟ್ರಂಕಿನ ತಳದಲ್ಲಿ ಆ ವಹಿ ಇತ್ತು. ಅಬ್ಬಾ ನಿಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಹೆಡ್‌ಮಾಸ್ತರಾಗಿದ್ದಾಗ ಶುರು ಮಾಡಿದ್ದು. ನಿನಗೆ ನೆನಪಿರಬೇಕು, ಆಗ ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಬೇಕಿತ್ತು. ಮುಟ್ಟಿದರೆ ಆರು ವರ್ಷ, ಶಾಲೆಗೆ ಭರ್ತಿ. ಹುಟ್ಟಿದ ದಿನ ಯಾರಿಗೆ ಗೊತ್ತು? ಎಲ್ಲರದೂ ಜೂನ್ ಒಂದು. ಅಬ್ಬಾ ಮಾತ್ರ ಮನೆಮನೆಗೆ ಹೋಗಿ ನಾಲ್ಕು ವರ್ಷದ ಹುಡುಗಿಯರನ್ನು ಕರೆತಂದು, ಆ ಪುಟ್ಟ ಕೈಯನ್ನು ತಾವೇ ಎಳೆದು ಕಿವಿಗೆ ಹಚ್ಚಿ, "ಮುಟ್ಟಿತು" ಎಂದು ದಾಖಲೆಯಲ್ಲಿ ಆರು ವರ್ಷ ಬರೆಯುತ್ತಿದ್ದರಂತೆ. ಅಮ್ಮಿ ಹೇಳಿದರು, ಅದು ಯಾಕೆಂದು ತಾವು ಆಗ ಕೇಳಿದ್ದಕ್ಕೆ ಅಬ್ಬಾ ಅಂದದ್ದು ಇಷ್ಟು: "ಆರು ತುಂಬೂತನಕಾ ಬಿಟ್ರ ಕೂಸು ಎತ್ತಾಕ, ಆಡು ಕಾಯಾಕ ಹಚ್ಚತಾರ. ಆಮ್ಯಾಲ ಯಾರ ಕೈಗೂ ಸಿಗಂಗಿಲ್ಲ. ಎರಡು ವರ್ಷ ನಾ ಕದ್ದು ಕೊಡತೇನಿ."

ಹೀಗೆ ಮುನ್ನೂರ ಹದಿನೇಳು ಹುಡುಗಿಯರು! ಶಾಲೆಯ ದಾಖಲೆಯಲ್ಲಿ ಸುಳ್ಳು ಬರೆದ ಕೈಯೇ ಈ ವಹಿಯಲ್ಲಿ ಒಬ್ಬೊಬ್ಬರ ನಿಜವಾದ ಹುಟ್ಟನ್ನೂ ತಾಯಂದಿರ ಬಾಯಿಂದ ಕೇಳಿ ಬರೆದಿಟ್ಟಿದೆ. ನಿನ್ನ ಸಾಲು ಓದುತ್ತೇನೆ: "ಶಿವಕಾಂತಾ, ತಂದೆ ಬೀರಲಿಂಗಪ್ಪ. ದಾಖಲೆ ೧-೬-೧೯೭೮. ತಾಯಿ ಸಕ್ಕುಬಾಯಿ ಹೇಳಿದ್ದು: ಎಂಬತ್ತನೇ ಇಸವಿ, ತೊಗರಿ ರಾಶಿ ಮುಗಿದ ಮರುದಿನ, ನಸುಕಿನಲ್ಲಿ." ನಿನ್ನವ್ವನ ದನಿಯೇ ಕೇಳಿದಂತಾಗಿ ಅತ್ತುಬಿಟ್ಟೆ.

ಆದರೆ ಹೀಗೆ ಕದ್ದು ಕೊಟ್ಟ ಎರಡು ವರ್ಷ ಹುಡುಗಿಯರ ಮದುವೆಯ ಹೊತ್ತಿಗೆ ಏನು ಕೇಡು ಮಾಡಬಹುದೆಂದು ಅಬ್ಬಾ ಯೋಚಿಸಿರಲಿಲ್ಲ. ತೊಂಬತ್ತಾರರಲ್ಲಿ ನಾವಿಬ್ಬರೂ ಪಿಯುಸಿ ಮುಗಿಸಿ, ಶಿಕ್ಷಕಿಯರಾಗಬೇಕೆಂದು ಟಿಸಿಎಚ್ ಅರ್ಜಿ ತುಂಬಿದ್ದೆವು. ಜೂನ್ ಒಂದಕ್ಕೆ ನಿನಗೆ ಕಾಗದದಲ್ಲಿ ಹದಿನೆಂಟಾಯಿತು, ಐದಕ್ಕೆ ಅಕ್ಷತೆ ಬಿತ್ತು. ಯಾರೋ ದೂರು ಕೊಟ್ಟು ಅಧಿಕಾರಿಗಳು ಬಂದಾಗ ನಿಮ್ಮಪ್ಪ ಶಾಲೆಯ ದಾಖಲೆ ತೋರಿಸಿದರು, ಅವರು ನೋಡಿ ವಾಪಸು ಹೋದರು. ನಿನಗೆ ಆಗ ಹದಿನಾರು ಕಣೇ. ಅಬ್ಬಾ ಅವರಿಂದಲೇ ಶಾಲೆ ಕಂಡವಳು ನೀನು, ಅವರ ಅಕ್ಷರದಿಂದಲೇ ಮದುವೆಯಾದವಳೂ ನೀನು. ಮಣ್ಣಿನ ದಿನ ಅವರ ಕಾಲ ಬಳಿ ಕೂತು, "ನನಗ ಸಾಲಿ ತೋರಿಸಿದ ದೇವರು" ಎಂದು ನೀನು ಅಳುತ್ತಿದ್ದಾಗ ನಾನು ತಲೆ ಎತ್ತಲಿಲ್ಲ.

ಅಮ್ಮಿ ವಹಿಯನ್ನು ಸುಡು ಎನ್ನುತ್ತಾರೆ. "ಅದರಾಗಿನ ಎಷ್ಟೋ ಹೆಣ್ಮಕ್ಳು ನೌಕರಿ ಮಾಡಾಕತ್ತಾರ, ಅವರ ತಾರೀಖು ಬಜಾರಿಗಿ ಯಾಕ ತರ್ತಿ ಬೇ?" ಎನ್ನುತ್ತಾರೆ. ಅದೂ ನಿಜ. ಆದರೆ ಅಬ್ಬಾ ಮಾಡಿದ ದೊಡ್ಡ ಕೆಲಸಕ್ಕೂ, ಅವರಿಂದಾದ ದೊಡ್ಡ ತಪ್ಪಿಗೂ ಇರುವ ಸಾಕ್ಷಿ ಇದೊಂದೇ. ನೀನು ಕೊಡು ಎಂದರೆ ಕೊಡುತ್ತೇನೆ, ಸುಡು ಎಂದರೆ ಸುಡುತ್ತೇನೆ.

ನಿನ್ನ ಮಗಳು ಮಾಳಮ್ಮ ನರ್ಸಿಂಗ್ ಮೂರನೇ ವರ್ಷಕ್ಕೆ ಬಂದಳೆಂದು ಕೇಳಿ ಹಿಗ್ಗಾಯಿತು. ಅವಳು ನೂರು ವರ್ಷ ಬಾಳಲಿ, ಅವಳ ಮನೆ ತುಂಬಿರಲಿ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ, ಮರೆಯಬೇಡ.

ನಿನ್ನ,
ನಿಶಾತ

ತಾ.ಕ.: ಮದುವೆಗೆ ನಾಲ್ಕು ದಿನ ಮೊದಲು, "ಸರ್‌ಗೆ ಕೊಡು, ಅವರು ನನ್ನ ವಯಸ್ಸು ಹೇಳಿದರೆ ಮದುವೆ ನಿಲ್ಲುತ್ತದೆ" ಎಂದು ನೀನು ನನ್ನ ಕೈಗೆ ಚೀಟಿ ಕೊಟ್ಟಿದ್ದೆ. ಅಬ್ಬಾ ಊರಲ್ಲಿರಲಿಲ್ಲ, ಕೊಡಲಾಗಲಿಲ್ಲ ಎಂದು ಇಪ್ಪತ್ತೆಂಟು ವರ್ಷ ಹೇಳುತ್ತ ಬಂದೆ. ಅವರು ಮನೆಯಲ್ಲೇ ಇದ್ದರು. ಚೀಟಿ ಓದಿ, ಚಪ್ಪಲಿ ಮೆಟ್ಟಿ, ನಿನ್ನ ನಿಜವಾದ ವಯಸ್ಸು ಹೇಳಲು ತಹಶೀಲ್ದಾರರ ಕಚೇರಿಗೆ ಹೊರಟೇಬಿಟ್ಟಿದ್ದರು. ನಾನೇ ಬಾಗಿಲಿಗೆ ಅಡ್ಡ ನಿಂತೆ. "ಹೋಗಬ್ಯಾಡ್ರಿ ಅಬ್ಬಾ, ನಿಮ್ಮ ನೌಕರಿ ಹೋಗ್ತದ, ನನ್ನ ಟಿಸಿಎಚ್ ಹ್ಯಾಂಗ?" ಎಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ವಹಿಯಲ್ಲಿ ನಿನ್ನ ಹೆಸರಿನ ಕೆಳಗೆ ಆ ದಿನದ ಒಂದೇ ಸಾಲಿದೆ: "ಹೋಗಲಿಲ್ಲ. ನನ್ನ ಹೇಡಿತನ." ನನ್ನ ಹೆಸರು ಎಲ್ಲೂ ಬರೆದಿಲ್ಲ, ಶಿವಕಾಂತಾ.