ನನ್ನ ತಕರಾರಿದೆ

ಪಾಂಡವಪುರ
19 ಡಿಸೆಂಬರ್ 2024

ಚಲುವರಾಜು,

ಚಿರಂಜೀವಿ ಎಂದು ಶುರುಮಾಡಬೇಕಿತ್ತು, ಕೈ ಬರಲಿಲ್ಲ. ಆಶೀರ್ವಾದವೇನಿದ್ದರೂ ನಿನ್ನ ಹೆಂಡತಿ ಮಕ್ಕಳಿಗೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಎರಡು ಮಾತಾಡುವಷ್ಟರಲ್ಲಿ ಕಟ್ ಮಾಡುತ್ತೀಯ. ಅದಕ್ಕೇ ಕಾಗದ.

ನೀನು ಕಳಿಸಿದ ಛಾಪಾ ಕಾಗದ ಬಂತು. ಅಪ್ಪನ ರಿವಾಲ್ವರಿನ ಲೈಸೆನ್ಸು ನಿನ್ನ ಹೆಸರಿಗೆ ಆಗಲು ಮಗಳಾದ ನನ್ನದೇನೂ ತಕರಾರಿಲ್ಲವಂತೆ, ಕೆಳಗೆ ಸಹಿ ಹಾಕಬೇಕಂತೆ. ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಬೇರೆ ಮಾಡಿದ್ದೀಯ. ಹಾಕುವುದಿಲ್ಲ. ಅಪ್ಪ ಹೋದ ಮೇಲೆ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿದ್ದೇವಲ್ಲ, ಅಲ್ಲೇ ತುಕ್ಕು ಹಿಡಿಯಲಿ.

ಅರ್ಜಿಯಲ್ಲಿ ಕಾರಣ ಆತ್ಮರಕ್ಷಣೆ ಎಂದು ಬರೆಸಿದ್ದೀಯ. ಯಾರಿಂದಪ್ಪ? ಬಿಂಡಿಗನವಿಲೆಯಲ್ಲಿ ನಿನ್ನ ಪ್ರಾಣದ ಮೇಲೆ ಕಣ್ಣಿಟ್ಟವರು ಯಾರು? ಸೊಂಟದ ಹತ್ತಿರ ಅಂಗಿ ಉಬ್ಬಿರುವುದನ್ನು ನಾಲ್ಕು ಜನ ನೋಡಬೇಕು, ಅಷ್ಟೇ ನಿನಗೆ ಬೇಕಿರುವುದು.

ತಾತ ಪಟೇಲರಾಗಿದ್ದಾಗ ಕೊಂಡ ಆ ಗಿಡ್ಡ ರಿವಾಲ್ವರನ್ನು ನಾನೂ ಬಲ್ಲೆ. ನಳಿಕೆ ನನ್ನ ಹೆಬ್ಬೆರಳಿಗಿಂತ ಒಂಚೂರು ಉದ್ದ, ಹಿಡಿಸುವುದು ಐದೇ ಗುಂಡು. ಅಪ್ಪ ವರ್ಷಕ್ಕೊಮ್ಮೆ ನಮ್ಮಿಬ್ಬರನ್ನೂ ಹಳೇ ಕಲ್ಲುಕ್ವಾರಿಗೆ ಕರೆದೊಯ್ದು ಎರಡು ಗುಂಡು ಹಾರಿಸುತ್ತಿದ್ದರು. ಒಮ್ಮೆ ನನ್ನ ಕೈಗೂ ಕೊಟ್ಟರು. ಹತ್ತು ಹೆಜ್ಜೆ ದೂರದ ಡಬ್ಬಕ್ಕೆ ಗುರಿಯಿಟ್ಟೆ. ಡಬ್ಬ ಅಲ್ಲಾಡಲಿಲ್ಲ, ನನ್ನ ಮಣಿಕಟ್ಟು ಮಾತ್ರ ಎರಡು ದಿನ ನೋಯಿತು. ಗಿಡ್ಡ ನಳಿಕೆಯದು ಎಲ್ಲಿಗೆ ಹೊಡೆಯುತ್ತದೆಂದು ಹೊಡೆದವನಿಗೂ ಗೊತ್ತಾಗುವುದಿಲ್ಲ, ಆಟಕ್ಕೂ ಯಾರ ಕಡೆಗೂ ಹಿಡಿಯಬೇಡಿ ಎಂದು ಅಪ್ಪ ಅವತ್ತು ಹೇಳಿದರು. ನೀನು ನಗುತ್ತಿದ್ದೆ.

ಎರಡು ವರ್ಷದ ಹಿಂದಿನ ಆಯುಧಪೂಜೆಯಲ್ಲೂ ನಗುತ್ತಲೇ ಇದ್ದೆ. ಕುಂಕುಮ ಹಚ್ಚಿಟ್ಟಿದ್ದ ತಟ್ಟೆಯಿಂದ ಅದನ್ನು ಎತ್ತಿಕೊಂಡು, ಟ್ರಾಕ್ಟರಿಗೆ ಒರಗಿ, ಫೋಟೋಕ್ಕೆಂದು ಹಿಂದಿನ ಕೊಕ್ಕೆಯನ್ನು ಹೆಬ್ಬೆರಳಿನಲ್ಲಿ ಎಳೆದೆ. ಕೊಕ್ಕೆ ಜಾರಿ ಗುಂಡು ಹಾರಿತು. ಬಾಳೆಕಂದು ಹಿಡಿದು ಬರುತ್ತಿದ್ದ ಪಕ್ಕದ ಮನೆ ಸೋಮಮ್ಮನ ಎಡಗಾಲಿನ ಎರಡು ಬೆರಳು ಹೋದವು. ನಿನ್ನನ್ನು ಎತ್ತಿ ಆಡಿಸಿದವಳು ಅವಳು. ಗುಂಡಿರುವುದು ಗೊತ್ತಿರಲಿಲ್ಲ ಎಂದು ನೀನು ಅತ್ತೆ. ಗೊತ್ತಿಲ್ಲದವನು ಬಿಚ್ಚಿ ನೋಡಬೇಕಿತ್ತು.

ಅಪ್ಪ ಸೋಮಮ್ಮನ ಕೈ ಹಿಡಿದು ಬೇಡಿಕೊಂಡರು. ಅಂಥ ನೋವಿನಲ್ಲೂ ಅವಳು, "ನನ್ ಕಾಲ್ ಓದ್ರೆ ಓಯ್ತದೆ, ಉಡುಗನ್ ಬಾಳು ಆಳಾಗದ್ ಬ್ಯಾಡ ಕಣಣ್ಣೋ" ಎಂದಳು. ಮೇವು ಕತ್ತರಿಸುವ ಮಿಷನ್ನಿಗೆ ಕಾಲು ಸಿಕ್ಕಿತೆಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳಿದೆವು. ನಾನೂ ಹೇಳಿದೆ. ಆಮೇಲೆ ಕುರಿಗಳ ಹಿಂದೆ ಓಡಾಡಲಾಗದೆ ಅವಳು ಇಡೀ ಮಂದೆಯನ್ನೇ ಮಾರಿಕೊಂಡಳು.

ಇಷ್ಟನ್ನೂ ನುಂಗಿಕೊಂಡಿದ್ದೆ ಕಣೋ. ಆದರೆ ಹೋದ ತಿಂಗಳು ಕೆ.ಆರ್. ಪೇಟೆಯಲ್ಲಿ ಚಿಕ್ಕಪ್ಪನ ಮೊಮ್ಮಗಳು ಧನುಶ್ರೀಯ ಮದುವೆ. ಊಟದ ಪಂಕ್ತಿಯಲ್ಲಿ ಸೋಮಮ್ಮ ಕುಂಟುತ್ತಾ ಬಂದು ಕುಳಿತಳು. ನೀನು ಎಲ್ಲರಿಗೂ ಕೇಳುವ ಹಾಗೆ, "ಅಲ್ಲ ಕಣ್ ಸೋಮಕ್ಕ, ಕಣ್ಣ ಎಲ್ಲಿ ಮಡಗಿದ್ದೆ, ಓಗಿ ಓಗಿ ಮಿಷನ್‌ಗೆ ಕಾಲ್ ಕೊಟ್ಬುಟ್ಯಲ್ಲ" ಎಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವಳು ತಲೆಯೆತ್ತದೆ ಅನ್ನ ಕಲೆಸುತ್ತಲೇ ಇದ್ದಳು. ನಾನು ಎಲೆ ಬಿಟ್ಟು ಎದ್ದೆ.

ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ನಮ್ಮ ಸುಳ್ಳನ್ನು ಅವಳು ನಿನಗೋಸ್ಕರ ಹೊತ್ತಳು. ನೀನು ಅದನ್ನೇ ನಿಜ ಮಾಡಿಕೊಂಡು ಅವಳನ್ನು ಆಡಿಕೊಂಡೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ, ನಿನ್ನ ಹೆಸರು ಕೇಳಿದರೆ ಮೈ ಉರಿಯುತ್ತದೆ.

ಸಂಕ್ರಾಂತಿಯೊಳಗೆ ಸೋಮಮ್ಮನ ಜಗಲಿಯ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ, ಗುಂಡು ಹಾರಿಸಿದವನು ನಾನು ಎಂದು ಹೇಳು. ಹೇಳದಿದ್ದರೆ ನಾನೇ ಸ್ಟೇಷನ್ನಿಗೆ ಹೋಗಿ ಎಲ್ಲವನ್ನೂ ಬರೆದುಕೊಡುತ್ತೇನೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸು ಹಾಕಿದರೆ ಹಾಕಲಿ. ಅಪ್ಪನ ಹೆಸರು ಕೆಡುತ್ತದೆ ಎಂಬ ಮಾತು ಮಾತ್ರ ನಿನ್ನ ಬಾಯಲ್ಲಿ ಬರುವುದು ಬೇಡ.

ಏನೇ ಆದರೂ ನಿನ್ನ ಅಕ್ಕನೇ ಆಗಿರಬೇಕಾದ
ಪ್ರಮೀಳಾ

ತಾ.ಕ. ಲಕೋಟೆಗೆ ಅಂಟು ಹಚ್ಚಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಆಯುಧಪೂಜೆಯ ದಿನ ಅಪ್ಪನಿಗೆ ಕೈನಡುಕ ಜಾಸ್ತಿಯಿತ್ತು, ಎಣ್ಣೆ ಹಚ್ಚಿ ಒರೆಸಿಡು ಎಂದು ರಿವಾಲ್ವರನ್ನು ನನಗೇ ಕೊಟ್ಟಿದ್ದರು. ಗುಂಡು ತೆಗೆದು ಒರೆಸಿದೆ. ಪೂಜೆಗೆ ಖಾಲಿ ಇಡಬೇಕೆಂಬುದನ್ನು ಮರೆತು ಐದನ್ನೂ ಮತ್ತೆ ತುಂಬಿಟ್ಟೆ. ನೀನು ಎತ್ತಿಕೊಂಡಾಗ ನೆನಪಾಯಿತು, ಹೇಳಲು ಹತ್ತಿರ ಬಂದೆ. "ಆಯ್ದನ ಎಂಗಸ್ರು ಮುಟ್ಬಾರ್ದು, ಅತ್ಲಾಗೋಗಕ್ಕ" ಎಂದೆ ನೀನು, ಎಲ್ಲರೆದುರು. ನನಗೆ ಸಿಟ್ಟು ಬಂತು. ಹಾರಲಿ, ಅಪ್ಪ ಇವನ ಕಪಾಳಕ್ಕೆ ಬಾರಿಸಲಿ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಮೊನ್ನೆ ಭಾನುವಾರ ಹೋಗಿ ಇದನ್ನು ಸೋಮಮ್ಮನಿಗೆ ಹೇಳಿದೆ. ಅರ್ಧ ಗಂಟೆ ಕುಳಿತಿದ್ದೆ. ಅವಳು ಒಂದು ಲೋಟ ನೀರು ಕೊಡಲಿಲ್ಲ. ನಿನಗೂ ಕೊಡುವುದಿಲ್ಲ. ಆದರೂ ಹೋಗು.