ಒಲೆಯ ಪಕ್ಕದ ಮೊಳೆ

ಅಪ್ಪಾ,

"ಹೊಡೆಯುವವರ ಕಣ್ಣು ನೋಡಬೇಡ, ಕೋಲು ನೋಡು" ಅಂತಲ್ಲವೇ ನೀನು ಹೇಳುತ್ತಿದ್ದದ್ದು? ಇಲ್ಲಾ, ಕಣ್ಣನ್ನೇ ನೋಡು ಅಂತಲೋ? ಆಗ ನಾನು ಪದ್ಯದ ಪುಸ್ತಕದಿಂದ ತಲೆಯೆತ್ತುತ್ತಿರಲಿಲ್ಲ.

ನೀನು ಹೋಗಿ ಎರಡು ವರ್ಷ. ಇವತ್ತು ನಮ್ಮ ಗಿಮ್ಲಿ ಊರಿನಲ್ಲಿ ಹೆಂಗಸರ ಐಸ್ ಹಾಕಿ ಪಂದ್ಯದಲ್ಲಿ ನಿನ್ನ ಹಳೆಯ ಪ್ಯಾಡುಗಳನ್ನು ಕಟ್ಟಿಕೊಂಡು, ನಲವತ್ತೆಂಟರ ನಾನು ಗೋಲ್‌ಕೀಪರ್ ಆಗಿ ನಿಂತೆ. ಕಣ್ಣು ನೋಡಿದೆ, ಐದು ಗೋಲು ಬಿಟ್ಟೆ.

"ಹಿಲ್ಡಾ, ನಿನ್ನ ಕಾಲ ನಡುವೆ ಲಾರಿ ನುಗ್ಗಿಸಬಹುದು ಕಣೇ!" ಎಂದು ನಮ್ಮ ತಂಡದ ಶಾರ್ಲೀನಳೇ ಕೂಗಿದಳು.

ಆಮೇಲೆ ಕೋಲು ನೋಡಿದೆ. ಆರನೆಯ ಹೊಡೆತ ಎಡಗಾಲಿನ ಪ್ಯಾಡಿಗೆ ಬಡಿದು ನಿಂತಿತು. ಸೋತರೂ ಎಲ್ಲರೂ ಸಾಲಾಗಿ ಬಂದು ನನ್ನ ಹೆಲ್ಮೆಟ್ಟಿಗೆ ತಮ್ಮ ಹೆಲ್ಮೆಟ್ಟು ತಾಕಿಸಿ ಹೋದರು.

ಮನೆಗೆ ಬಂದು ಒದ್ದೆ ಪ್ಯಾಡುಗಳನ್ನು, ಹಿಂದೆ ನೀನು ಒಣಹಾಕುತ್ತಿದ್ದ ಒಲೆಯ ಪಕ್ಕದ ಮೊಳೆಗೇ ನೇತುಹಾಕಿದೆ. ನನಗೆ ಹದಿನಾರಾಗಿದ್ದಾಗ, ಗೆಳತಿಯರು ಬರುತ್ತಾರೆ, ನಾತ ಎಂದು ಅವನ್ನು ಶೆಡ್ಡಿಗೆ ಸಾಗಿಸಿದ್ದೆ. ಆಮೇಲೆ ಪ್ರತಿ ಚಳಿಗಾಲವೂ ನೀನು ಶೆಡ್ಡಿನ ಚಳಿಗೆ ಹೆಪ್ಪುಗಟ್ಟಿದ ಪ್ಯಾಡುಗಳನ್ನೇ ಕಟ್ಟಿಕೊಂಡು ಆಡಲು ಹೋದೆ.

ಈಗಷ್ಟೇ ಪಕ್ಕದ ಮನೆಯ ಮುದುಕಿ ಒರೀಸಿಯಾ ಬಂದಿದ್ದಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು.

"ಅಯ್ಯೋ, ಇದೇನೇ ನಾತ, ಮಗಳೇ! ಒಂದು ಗಳಿಗೆ ನಿಮ್ಮಪ್ಪ ಗುನ್ನಾರ್ ಒಳಗೇ ಕೂತಿದಾನೆ ಅಂದ್ಕೊಂಡೆ."