ಅಡ್ಡಗೆರೆಗೆ ಒಂದು ಕಡ್ಡಿ

ಭಾನುವಾರ, ಮಾರ್ಚ್ ಒಂಬತ್ತು
ಅಡುಗೆಮನೆಯ ಮೇಜು, ಮಧ್ಯಾಹ್ನ

ನನ್ನ ಮುದ್ದು ಕಡ್ಡಿ,

ಹೇಗಿದ್ದೀಯಾ ಎಂದು ಕೇಳುವುದಿಲ್ಲ. ಗುರುವಾರ ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ಗೊತ್ತಾಯಿತು. ಎಂಟು ತಿಂಗಳಿಂದ ಎಲೆಕ್ಟ್ರಾನ್ ಲೆಕ್ಕದ ಆ ಹದಿನೇಳನೆಯ ಚಿತ್ರ ನಿನ್ನ ಜೀವ ಹಿಂಡುತ್ತಿದೆ. ಎಷ್ಟು ಸಲ ಲೆಕ್ಕ ಹಾಕಿದರೂ ನಿನಗೆ ಮೈನಸ್ ಬರುತ್ತದೆ. ನಾನೂ ನಿಮ್ಮಪ್ಪನೂ ಮೂವತ್ತು ವರ್ಷದ ಹಿಂದೆ ಅಚ್ಚು ಹಾಕಿಸಿದ ಲೇಖನದಲ್ಲಿ ಪ್ಲಸ್ ಇದೆ. "ನನ್ನ ತಲೇಲಿರೋದು ಬರೀ ಮಣ್ಣು ಕಣಮ್ಮ. ಮುಂದಿನ ವಾರ ಶುಕ್ರವಾರ ಪಿಎಚ್‌ಡಿ ಬಿಡ್ತೀನಿ ಅಂತ ಗೈಡ್ ಕೈಗೆ ಚೀಟಿ ಕೊಟ್ಟು ಬಂದ್ಬಿಡ್ತೀನಿ. ಈ ವಿದ್ಯೆ ನಂಗೆ ಹತ್ತಲ್ಲ" ಅಂದೆ. ನಾನು ಬರೀ ಹೂಂ ಅಂದೆ.

ಆ ಹೂಂಗಾಗಿಯೇ ಈ ಪತ್ರ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬುಧವಾರಕ್ಕೆ ಇದು ನಿನ್ನ ಕೈ ಸೇರುತ್ತದೆ. ಪೂರ್ತಿ ಓದದೆ ಆ ಚೀಟಿ ಕೊಡಬೇಡ.

ನೀನು ಊಟಕ್ಕೆ ಹಟ ಮಾಡುತ್ತಿದ್ದಾಗ ಹೇಳುತ್ತಿದ್ದ ಕಥೆ ನೆನಪಿದೆಯಾ? ಒಂದು ಎಲೆಕ್ಟ್ರಾನ್ ಇತ್ತಂತೆ. ಅದಕ್ಕೆ ಸುಮ್ಮನಿರಲು ಬಾರದು. ನಡೆಯುತ್ತ ನಡೆಯುತ್ತ ಒಂದು ಚೂರು ಬೆಳಕು ಎಸೆಯುವುದು, ತಾನೇ ಓಡಿಹೋಗಿ ಹಿಡಿಯುವುದು. ಒಮ್ಮೊಮ್ಮೆ ಆ ಬೆಳಕು ದಾರಿಯಲ್ಲೇ ಬಿರಿದು ಒಂದು ಜೋಡಿಯಾಗುತ್ತಿತ್ತು. ಜೋಡಿ ಒಂದು ಸುತ್ತು ಸುತ್ತಿ, ಕೈ ಕೈ ಹಿಡಿದು ಮತ್ತೆ ಬೆಳಕಾಗಿಬಿಡುತ್ತಿತ್ತು. "ಯಾರು ನೋಡಿದ್ರು?" ಎಂದು ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ನಾನು ಒಂದು ತುತ್ತು ಇಡುತ್ತಿದ್ದೆ. ಯಾರೂ ನೋಡಿಲ್ಲ ಕಣೇ. ಯಾರೂ ನೋಡದ ಆ ಸುತ್ತಿನಿಂದ ಎಲೆಕ್ಟ್ರಾನಿನ ನಡಿಗೆ ಕೂದಲೆಳೆಯಷ್ಟು ಬದಲಾಗುತ್ತದೆ, ಅಷ್ಟೆ. ಆ ಕೂದಲೆಳೆಗಾಗಿ ಚಿತ್ರ ಬರೆದು ಲೆಕ್ಕ ಹಾಕುವುದು ನಮ್ಮ ಕಸುಬು.

ಚಿತ್ರದಲ್ಲಿ ಮುಚ್ಚಿಕೊಂಡ ಒಂದೊಂದು ಸುತ್ತಿಗೂ ಒಂದು ಮೈನಸ್. ಎರಡು ಸುತ್ತಿದ್ದರೆ ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಮುಂದಿನದನ್ನು ಹೇಳಲು ನನಗೆ ಧೈರ್ಯ ಬರಲಿ ಎಂದು.

ಆ ಲೇಖನದ ಕಾಲದಲ್ಲಿ ನಮ್ಮ ಗುರುಗಳದೊಂದು ಕಟ್ಟಪ್ಪಣೆ ಇತ್ತು. ಒಂದು ಲೆಕ್ಕವನ್ನು ಇಬ್ಬರು ಬೇರೆಬೇರೆ ಕೋಣೆಯಲ್ಲಿ ಕೂತು ಮಾಡಬೇಕು. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ಕೊನೆಯ ಉತ್ತರವಷ್ಟೇ ಎದುರುಬದುರು ಇಡಬೇಕು. ಹೊಂದಿದರೆ ಸರಿ, ಹೊಂದದಿದ್ದರೆ ಇನ್ನೂ ಆರು ತಿಂಗಳು ಮೊದಲಿನಿಂದ. ಕಾರಿಡಾರಿನ ಈ ಕಡೆ ನಾನು, ಆ ಕಡೆ ನಿಮ್ಮಪ್ಪ, ನಡುವೆ ಒಂದು ಕಸದ ಬುಟ್ಟಿ. ನಾನು ತಪ್ಪಿದ ಹಾಳೆಯನ್ನೆಲ್ಲ ಮುದುರಿ ಅದಕ್ಕೆ ಎಸೆಯುವವಳು. ಅವರೋ ಜಿಪುಣರು, ಹಿಂಬದಿ ಖಾಲಿ ಇರುವ ಹಾಳೆ ಕಂಡರೆ ಬಿಡುವವರಲ್ಲ. ಒಂದು ದಿನ ಬಾಗಿಲಲ್ಲಿ ನಿಂತು, ಮುಖ ನೋಡದೆ ಅಂದರು: "ಉತ್ತರ ಒಂದೇ ಬಂದ್ರೆ ಮನೇನೂ ಒಂದೇ ಮಾಡ್ಕೊಳೋಣ." ನಾನು, "ಬರದಿದ್ರೆ?" ಅಂದೆ. "ಆರು ತಿಂಗಳು ಬಿಟ್ಟು ಮತ್ತೆ ಕೇಳ್ತೀನಿ" ಅಂದು ಹೋದರು.

ಮಾರನೆಯ ದಿನದಿಂದ ಬಿಳಿ ಹಾಳೆಯ ಮೇಲೆ ಗೆರೆ ಎಳೆದರೆ ಗೆರೆಯೇ ನಗುತ್ತಿತ್ತು. ಕಿಟಕಿಯ ಬಿಸಿಲಲ್ಲಿ ತೇಲುವ ದೂಳಿನ ಕಣಗಳೂ ಏನನ್ನೋ ಎಸೆದು ಹಿಡಿಯುತ್ತಿವೆ ಅನಿಸುತ್ತಿತ್ತು.

ಕೊನೆಗೆ ಉಳಿದದ್ದು ಹದಿನೇಳನೆಯ ಚಿತ್ರ. ನೋಡಲು 8ರ ಹಾಗೆ. ಮೊದಲ ಸಲ ನಾನು ಅದನ್ನು ಒಂದರ ಮೇಲೊಂದು ಕೂತ ಎರಡು ಸೊನ್ನೆ ಎಂದು ಎಣಿಸಿ ಪ್ಲಸ್ ಬರೆದೆ. ಆಮೇಲೆ ಪೆನ್ಸಿಲ್ ಎತ್ತದೆ ಗೆರೆಯ ಮೇಲೆ ನಡೆದು ನೋಡಿದೆ. ನಡುವಿನಲ್ಲಿ ಗೆರೆ ತಿರುಗುವುದಿಲ್ಲ, ನೇರ ದಾಟುತ್ತದೆ. ಎರಡು ಸುತ್ತಲ್ಲ, ತಿರುಚಿಕೊಂಡ ಒಂದೇ ಸುತ್ತು. ಮೊದಲ ಹಾಳೆ ಮುದುರಿ ಎಸೆದು, ಹೊಸದರಲ್ಲಿ ಮೈನಸ್ ಬರೆದೆ.

ಎರಡು ದಿನ ಕಳೆದು ಉತ್ತರ ಒಪ್ಪಿಸಬೇಕಿತ್ತು. ನಿಮ್ಮಪ್ಪ ಲೋಟ ತೊಳೆಯಲು ಹೋಗಿದ್ದರು, ಬಾಗಿಲು ತೆರೆದಿತ್ತು. ಹೋಗಿ ನೋಡಿದೆ. ಮೇಜಿನ ಮೇಲೆ ಅವರು ಒಪ್ಪಿಸಲು ನಕಲು ಮಾಡಿಟ್ಟ ಕೊನೆಯ ಸಾಲು. ಪ್ಲಸ್!

ಅವರಿಗೆ ಪ್ಲಸ್ ಬಂದಿದ್ದರೆ ನನ್ನದೇ ತಪ್ಪಿರಬೇಕು ಎಂದುಕೊಂಡೆ. ಅರ್ಧ ನಂಬಿಕೆ, ಅರ್ಧ ಆಸೆ. ವಾಪಸು ಬಂದು ನನ್ನ ಮೈನಸ್ಸಿನ ಅಡ್ಡಗೆರೆಯ ಮೇಲೆ ಒಂದು ನಿಂತ ಕಡ್ಡಿ ಗೀಚಿದೆ. ಉತ್ತರ ಹೊಂದಿತು. ಗುರುಗಳು ಬೆನ್ನು ತಟ್ಟಿದರು. ಮನೆ ಒಂದಾಯಿತು. ಆ ಚಿತ್ರದ ಪಾಲು ಅಷ್ಟು ಸಣ್ಣದು, ನಿನ್ನ ತನಕ ಯಾರೂ ಅದನ್ನು ಮತ್ತೆ ಮುಟ್ಟಲಿಲ್ಲ.

ಗುರುವಾರದಿಂದ ಮೂರು ದಿನ ಕೂತು ಹೊಸದಾಗಿ ಮಾಡಿದೆ. ಮೈನಸ್ಸೇ ಮಗಳೇ. ನಿನ್ನ ತಲೆಯಲ್ಲಿ ಮಣ್ಣಿಲ್ಲ. ನೀನು ಎಂಟು ತಿಂಗಳು ಜಗಳವಾಡಿದ್ದು ಲೆಕ್ಕದ ಜೊತೆಗಲ್ಲ, ನಿನ್ನಮ್ಮನ ಒಂದು ಕಡ್ಡಿಯ ಜೊತೆಗೆ. ತಿದ್ದುಪಡಿ ಬರೆದಿಟ್ಟಿದ್ದೇನೆ, ನಾಳೆ ಪತ್ರಿಕೆಗೆ ಹೋಗುತ್ತದೆ. ತಪ್ಪು ಕಂಡುಹಿಡಿದವಳು ನೀನೆಂದು ಮೊದಲ ಸಾಲಿನಲ್ಲೇ ಇದೆ.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಅವರ ಲೆಕ್ಕ ತಪ್ಪಿತ್ತು ಎನ್ನುವುದಕ್ಕಿಂತ ನಾನು ಕದ್ದು ನೋಡಿದೆ ಎನ್ನುವುದು ಕಷ್ಟ. ಇಷ್ಟು ವರ್ಷ ಅವರು ಬಂದವರಿಗೆಲ್ಲ "ನಮ್ಮದು ಉತ್ತರ ಹೊಂದಿ ಆದ ಮದುವೆ" ಎಂದು ಹೇಳಿಕೊಂಡು ನಗುತ್ತಿದ್ದಾರೆ. ಇದನ್ನು ಅಂಚೆಗೆ ಹಾಕಿದ ಮೇಲೆ ಹೇಳುತ್ತೇನೆ. ಹೇಳಿದ ಮೇಲೆ ಆ ನಗು ಏನಾಗುತ್ತದೋ ನನಗೆ ಲೆಕ್ಕ ಹಾಕಲು ಬರುತ್ತಿಲ್ಲ.

ನೀನು ಮಾತ್ರ ಯಾವತ್ತಿನಂತೆ ಕಡ್ಡಿ ಮುರಿದ ಹಾಗೆ ಮಾತಾಡುವವಳಾಗಿಯೇ ಇರು. ಆ ಹೆಸರು ಯಾಕೆ ಬಂತೋ ನಾನರಿಯೆ. ಹುಟ್ಟಿದಾಗ ನೀನು ಕುಂಬಳಕಾಯಿಯ ಹಾಗಿದ್ದೆ. ನಿಮ್ಮಪ್ಪ ಎತ್ತಿಕೊಂಡವರೇ ಕಡ್ಡಿ ಅಂದರು.

ಬೈಯುವುದಿದ್ದರೆ ಬಂದು ಬೈಯಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ವಿಳಾಸ ಬರೆದುಕೊಡಿ ಎಂದು ಲಕೋಟೆಯನ್ನು ನಿಮ್ಮಪ್ಪನಿಗೆ ಕೊಟ್ಟೆ. ಅಂಟು ಹಾಕಿರಲಿಲ್ಲ. ಓದಿಬಿಟ್ಟರು. ಎದ್ದು ಒಳಗೆ ಹೋಗಿ, ಒಂದು ಹಳೆಯ ಹಾಳೆ ತಂದು ಮೇಜಿನ ಮೇಲೆ ಹರಡಿದರು. ಮುದುರಿದ್ದನ್ನು ತಟ್ಟಿ ಸಪಾಟು ಮಾಡಿದ ಹಾಳೆ. ಒಂದು ಬದಿಯಲ್ಲಿ ನನ್ನ ಗೀಚು ಅಕ್ಷರ, ನಾನು ಬುಟ್ಟಿಗೆ ಎಸೆದ ಪ್ಲಸ್. ಹಿಂಬದಿಯಲ್ಲಿ ಅವರ ಮುತ್ತಿನಂಥ ಅಕ್ಷರ, ಕೊನೆಯಲ್ಲಿ ನೀಲಿ ಶಾಯಿಯ ಮೈನಸ್, ಅದರ ಮೇಲೆ ಕಪ್ಪು ಶಾಯಿಯ ಒಂದು ನಿಂತ ಕಡ್ಡಿ. "ನಿಂಗೆ ಪ್ಲಸ್ ಬಂದಿದೆ ಅಂದ್ಕೊಂಡೆ ಕಣೇ. ಇನ್ನೂ ಆರು ತಿಂಗಳು ಯಾರು ಕಾಯ್ತಾರೆ?" ಅಂದರು. ಆಮೇಲೆ ಆ ಕಪ್ಪು ಗೆರೆಯ ಮೇಲೆ ಬೆರಳಿಟ್ಟು, "ಮಗಳಿಗೆ ಹೆಸರು ಇಟ್ಟಿದ್ದು ಇದರದ್ದೇ" ಅಂದರು.

ಹಾಗಾಗಿ ಮೂರು ಕೋಣೆ, ಮೂರು ಲೆಕ್ಕ, ಒಂದೇ ಮೈನಸ್. ಗೈಡ್‌ಗೆ ಬರೆದಿಟ್ಟ ಆ ಚೀಟಿ ಹರಿಯಬೇಡ, ಇಲ್ಲಿಗೆ ಕಳಿಸು. ಹಿಂಬದಿ ಖಾಲಿ ಇದ್ದರೆ ನಿಮ್ಮಪ್ಪನಿಗೆ ಬೇಕಂತೆ.